ನ್ಯಾಸ

ಮನೆಯ ಎಲ್ಲರ ಫೋಟೊ, ವಿಡಿಯೊ, ಕಾಗದಪತ್ರಗಳನ್ನು ಒಂದೇ ಕಡೆ ಇಡಲು ವೈಫೈ ರೌಟರಿನ ಪಕ್ಕದಲ್ಲಿ ಕೂರಿಸುವ ಪೆಟ್ಟಿಗೆಯೊಂದಿದೆ. ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್ ಎಂಬ ಉದ್ದ ಹೆಸರನ್ನು ಕತ್ತರಿಸಿ ನಮ್ಮ ಕಸುಬಿನವರು ಅದನ್ನು ನ್ಯಾಸ್ ಎನ್ನುತ್ತಾರೆ. ಮುಂಬಯಿಯಲ್ಲಿ ಇಪ್ಪತ್ತು ವರ್ಷ ಮರಾಠಿ ಬೋರ್ಡು ಓದಿದವನ ಕಣ್ಣಿಗೆ ಆ ಪದ ಬೇರೆಯಾಗಿಯೇ ಕಾಣುತ್ತದೆ. ಪ್ರಭಾದೇವಿಯ ಸಿದ್ಧಿವಿನಾಯಕ ದೇವಸ್ಥಾನದ ಟ್ರಸ್ಟಿಗೆ ಮರಾಠಿಯಲ್ಲಿ ನ್ಯಾಸ ಎಂದೇ ಹೆಸರು. ನಂಬಿಕೆಯ ಮೇಲೆ ಒಬ್ಬರ ಕೈಯಲ್ಲಿ ಇಟ್ಟು ಹೋದ ವಸ್ತು ಎಂದು ಅದರ ಹಳೆಯ ಅರ್ಥ. ಇಂಗ್ಲಿಷಿನ ಮೂರು ಅಕ್ಷರ ಸಂಸ್ಕೃತದ ಶಬ್ದವೊಂದಕ್ಕೆ ಡಿಕ್ಕಿ ಹೊಡೆದದ್ದು ಬರೀ ಆಕಸ್ಮಿಕ, ಸರಿ. ಆದರೆ ಹಳೆಯ ಪೆಟ್ಟಿಗೆಯಿಂದ ಹೊಸದಕ್ಕೆ ಸಾಮಾನು ಸಾಗಿಸುತ್ತಿದ್ದ ಆ ಎರಡು ವಾರ ಈ ಆಕಸ್ಮಿಕ ನನ್ನ ತಲೆಯಿಂದ ಇಳಿಯಲಿಲ್ಲ. ಬೇರೆಯವರದ್ದನ್ನು ಜೋಪಾನ ಮಾಡುವವನಿಗೆ ಅದನ್ನು ತೆರೆದು ನೋಡುವ ಹಕ್ಕು ಎಷ್ಟು?

ಪ್ರಶ್ನೆ ದೊಡ್ಡ ಕಂಪನಿಗಳಿಗೆ ಕೇಳುವಂಥದು ಎನಿಸಬಹುದು. ನಾವೆಲ್ಲ ಕೇಳಿಯೂ ಇದ್ದೇವೆ. 2021ರ ಜೂನ್ 1ಕ್ಕೆ ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಪುಕ್ಕಟೆ ಜಾಗ ನಿಂತಾಗ ನನ್ನ ಗೆಳೆಯರಲ್ಲಿ ಹಲವರು ಮನೆಗೆ ಪೆಟ್ಟಿಗೆ ತಂದರು. ಹಣದ ಲೆಕ್ಕದ ಜೊತೆಗೆ ಎಲ್ಲರ ಬಾಯಲ್ಲೂ ಇನ್ನೊಂದು ಮಾತಿತ್ತು: ನಮ್ಮ ಮನೆಯ ಫೋಟೊ ಯಾರೋ ಎಲ್ಲಿಯೋ ಯಾಕೆ ನೋಡಬೇಕು? ಸರಿಯಾದ ಮಾತೇ. ಆದರೆ ಪೆಟ್ಟಿಗೆ ಮನೆಗೆ ಬಂದ ದಿನ ಆ ‘ಯಾರೋ’ ಮನೆಯೊಳಗೇ ಹುಟ್ಟಿಕೊಳ್ಳುತ್ತಾನೆ. ಅವನ ಹೆಸರು ಅಡ್ಮಿನಿಸ್ಟ್ರೇಟರ್. ಹೆಚ್ಚಿನ ಮನೆಗಳಲ್ಲಿ ಅವನು ಗಂಡಸು, ಇಂಜಿನಿಯರು, ಉಳಿದವರಿಗೆ ಪಾಸ್‌ವರ್ಡ್ ಮಾಡಿಕೊಡುವವನು. ಗೂಗಲ್ಲಿಗೆ ನನ್ನ ಹೆಂಡತಿಯ ಪರಿಚಯವಿಲ್ಲ. ನನಗಿದೆ. ಯಾರು ನೋಡಿದರೆ ಹೆಚ್ಚು ಮುಜುಗರ ಎಂದು ಅವಳನ್ನು ಕೇಳಿದರೆ ಉತ್ತರ ನನಗೆ ಹಿತವಾಗಿರಲಾರದು.

ಕಾನೂನು ಇಲ್ಲಿ ಒಳಗೆ ಬರುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟರು. ಆ ಪ್ರಕರಣಕ್ಕೆ ಹೆಸರು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರಿಂದ. ಅದರ ಬೆನ್ನಿಗೆ 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಮಾತ್ರ ಒಬ್ಬ ವ್ಯಕ್ತಿ ಸ್ವಂತಕ್ಕೆ ಅಥವಾ ಮನೆಯ ಬಳಕೆಗೆ ಮಾಡುವ ಕೆಲಸವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಮನೆಯ ಪೆಟ್ಟಿಗೆಗೂ ಕಾಯ್ದೆ ಹಚ್ಚಿದರೆ ಪ್ರತಿ ಅಡಿಗೆಮನೆಯಲ್ಲೂ ಒಬ್ಬ ಇನ್‌ಸ್ಪೆಕ್ಟರು ಬೇಕಾದೀತು, ಹಾಗಾಗಿ ಅದನ್ನು ತಪ್ಪು ಎನ್ನಲಾರೆ. ಕಾಯ್ದೆ ಹೊಸ್ತಿಲಲ್ಲಿ ನಿಂತುಬಿಟ್ಟರೆ ಒಳಗಿರುವವನು ತನ್ನ ನಿಯಮ ತಾನೇ ಹುಡುಕಿಕೊಳ್ಳಬೇಕು.

ನನಗೆ ಸಿಕ್ಕ ನಿಯಮ ಹಳೆಯದು, ನಮ್ಮ ಕಡೆಯದೇ. ವಿಜ್ಞಾನೇಶ್ವರ ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ನಾವು ಆ ಹೆಸರನ್ನು ಕೇಳುವುದು ಹಿಸ್ಸೆ ಪಂಚಾಯ್ತಿಗೆಯಲ್ಲಿ, ಅವಿಭಕ್ತ ಕುಟುಂಬದ ಆಸ್ತಿಯ ವಿಚಾರದಲ್ಲಿ ಮಾತ್ರ. ಅದರ ವ್ಯವಹಾರ ಭಾಗದಲ್ಲಿ ಇಡುಗಂಟಿನ ಬಗ್ಗೆ ಒಂದು ಚಿಕ್ಕ ಪ್ರಕರಣವಿದೆ. ಪೆಟ್ಟಿಗೆಯೊಳಗೆ ಏನಿದೆ ಎಂದು ಹೇಳದೆ, ಮುಚ್ಚಿ, ನಂಬಿಕೆಯಿಂದ ಇನ್ನೊಬ್ಬರ ಕೈಗೆ ಕೊಟ್ಟ ವಸ್ತುವಿಗೆ ಅಲ್ಲಿ ಉಪನಿಧಿ ಎಂದು ಹೆಸರು. ಇದ್ದ ಹಾಗೆಯೇ ಮರಳಿಸಬೇಕು ಎನ್ನುವುದು ನಿಯಮ. ಕಣ್ಣೆದುರು ಒಪ್ಪಿಸಿದ್ದು ನಿಕ್ಷೇಪ. ಮನೆಯ ಯಜಮಾನ ಇಲ್ಲದ ಹೊತ್ತಿನಲ್ಲಿ, ಅವನಿಗೆ ತೋರಿಸದೆ, ಮನೆಯವರ ಕೈಗೆ ಕೊಟ್ಟು ‘ಅವರಿಗೆ ಒಪ್ಪಿಸಿ’ ಎಂದು ಹೋದದ್ದು ನ್ಯಾಸ. ಈ ಮೂರನೆಯದನ್ನು ಓದಿದಾಗ ನಗು ಬಂತು. ರಾತ್ರಿ ಎರಡು ಗಂಟೆಗೆ, ನಾನು ಮಲಗಿರುವಾಗ, ಚಾರ್ಜಿಗೆ ಹಾಕಿದ ಫೋನುಗಳಿಂದ ಹೊಸ ಫೈಲುಗಳು ಪೆಟ್ಟಿಗೆಗೆ ಬಂದು ಬೀಳುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಇಟ್ಟುಕೊಂಡವನು ಆ ವಸ್ತುವನ್ನು ತನ್ನ ಲಾಭಕ್ಕೆ ಬಳಸಿದರೆ ದಂಡ. ಬಂದ ಲಾಭವನ್ನೂ ಸೇರಿಸಿ ಕೊಡಬೇಕು. ರಾಜ ಕಿತ್ತುಕೊಂಡರೆ, ದೈವದಿಂದ ಹೋದರೆ, ಕಳ್ಳರು ಒಯ್ದರೆ ಅವನು ಕೊಡಬೇಕಾದ್ದಿಲ್ಲ.

ಈ ‘ದೈವ’ದ ಹತ್ತಿರ ಸ್ವಲ್ಪ ನಿಲ್ಲಬೇಕು. ಡಿಸ್ಕು ಸತ್ತರೆ ಅದು ದೈವವೇ? ತಿರುಗುವ ಡಿಸ್ಕು ಒಂದಲ್ಲ ಒಂದು ದಿನ ನಿಲ್ಲುತ್ತದೆ ಎನ್ನುವುದು ಮಾಡಿದವರಿಗೂ ಗೊತ್ತು, ಮಾರಿದವರಿಗೂ ಗೊತ್ತು. ಮೂರೋ ಐದೋ ವರ್ಷದ ವಾರಂಟಿ ಹೊಸ ಡಿಸ್ಕನ್ನು ಕೊಡುತ್ತದೆ, ಒಳಗಿದ್ದ ಮಗುವಿನ ಮೊದಲ ಹೆಜ್ಜೆಯನ್ನು ಕೊಡುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದು ದಿನದೊಳಗೆ 944 ಮಿಲಿಮೀಟರ್ ಮಳೆ ಸುರಿದಾಗ ಕುರ್ಲಾ, ಕಲೀನಾದ ನೆಲಮಾಳಿಗೆಗಳಲ್ಲಿ ಜನ ಕಳೆದುಕೊಂಡ ಆಲ್ಬಮ್ಮು, ಮಾರ್ಕ್ಸ್‌ಕಾರ್ಡುಗಳಿಗೆ ದೈವ ಎನ್ನಬಹುದಿತ್ತು. ಅದನ್ನು ನೋಡಿದ ಮೇಲೂ ಎಲ್ಲ ಪ್ರತಿಗಳನ್ನು ಒಂದೇ ಕೋಣೆಯಲ್ಲಿ ಇಡುವವನು ದೈವದ ಹೆಸರು ಹೇಳುವ ಹಾಗಿಲ್ಲ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಇಡೀ ಮುಂಬಯಿಯ ಕರೆಂಟು ಹೋಯಿತಲ್ಲ, ಲೋಕಲ್‌ಗಳು ನಿಂತಲ್ಲೇ ನಿಂತವು, ಅವತ್ತಿನಿಂದ ನಮ್ಮ ಪೆಟ್ಟಿಗೆಗೊಂದು ಯುಪಿಎಸ್ ಇದೆ. ಬರೆಯುತ್ತಿರುವಾಗ ಕರೆಂಟು ಕಡಿದರೆ ಡಿಸ್ಕಿನ ಲೆಕ್ಕ ತಪ್ಪುತ್ತದೆ. ಯುಪಿಎಸ್ ಹತ್ತು ನಿಮಿಷ ಕೊಟ್ಟರೆ ಪೆಟ್ಟಿಗೆ ತಾನೇ ಸರಿಯಾಗಿ ಬಾಗಿಲು ಹಾಕಿಕೊಳ್ಳುತ್ತದೆ.

ಈಗ ಹೊಸ ಪೆಟ್ಟಿಗೆಯ ವಿಚಾರ, ಬೇಗ ಹೇಳಿ ಮುಗಿಸುತ್ತೇನೆ. ಹಳೆಯದರಲ್ಲಿ ನಾಲ್ಕು ಟೆರಾಬೈಟಿನ ಎರಡು ಡಿಸ್ಕುಗಳಿದ್ದವು, ಒಂದರ ಕನ್ನಡಿ ಇನ್ನೊಂದು. ಎರಡಿದ್ದರೂ ಜಾಗ ಒಂದರದ್ದೇ. ಡಬ್ಬದ ಮೇಲೆ 4 ಎಂದು ಬರೆದದ್ದು ಪರದೆಯ ಮೇಲೆ 3.63 ಆಗುತ್ತದೆ, ಯಾಕೆಂದರೆ ಮಾರುವವರು ಸಾವಿರದಲ್ಲಿ ಎಣಿಸುತ್ತಾರೆ, ಯಂತ್ರ 1024ರಲ್ಲಿ. ಕನ್ನಡಿಯನ್ನು ಜನ ಬ್ಯಾಕಪ್ ಎಂದು ತಿಳಿಯುತ್ತಾರೆ. ಅಲ್ಲ. ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ. ಒಂದು ಡಿಸ್ಕು ಸತ್ತರೂ ಅಂಗಡಿ ಮುಚ್ಚದೆ ನಡೆಯಲಿ ಎನ್ನುವುದಷ್ಟೇ ಅದರ ಕೆಲಸ. ಹೊಸದರಲ್ಲಿ ಎಂಟು ಟೆರಾಬೈಟಿನ ನಾಲ್ಕು, ಅದರಲ್ಲಿ ಒಂದರಷ್ಟು ಜಾಗ ಭದ್ರತೆಯ ಲೆಕ್ಕಕ್ಕೆ ಹೋಗಿ ಇಪ್ಪತ್ನಾಲ್ಕು ಉಳಿಯುತ್ತದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಎರಡು ಶನಿವಾರ ಓಡಾಡಿ, ಹಳೆಯ ದತ್ತಾಂಶದ ಮೇಲೆ ಹೊಸದನ್ನು ಹೆಂಚಿನ ಹಾಗೆ ಅರ್ಧರ್ಧ ಹೊದಿಸಿ ಬರೆಯುವ ಅಗ್ಗದ ಡಿಸ್ಕು ಬೇಡ ಎಂದು ಮೂರು ಅಂಗಡಿಯವರಿಗೆ ವಿವರಿಸಿ, ಕೊನೆಗೆ ಬೇಕಾದ್ದನ್ನೇ ತಂದೆ. ಡೊಂಬಿವಲಿಯವರೆಗೆ ಲೋಕಲ್‌ನಲ್ಲಿ ಆ ನಾಲ್ಕು ಡಿಸ್ಕುಗಳನ್ನು ಮಡಿಲಲ್ಲಿಟ್ಟು ಕೂತ ಪಾಡು ಬೇಡ.

ಸಾಗಿಸುವಾಗ ಮೊದಲ ಪ್ರಶ್ನೆ ಕೇಳಿದ್ದು ಮಗಳು. ಹದಿನೇಳರ ಹುಡುಗಿ. “ಅಪ್ಪಾ, ನಿಂಗೆ ನನ್ನ ಫೋಲ್ಡರ್ ಒಳಗಿದ್ದೆಲ್ಲ ಕಾಣ್ತದಾ?”

ಕಾಣುತ್ತದೆ. ನೋಡಿಲ್ಲ ಎನ್ನುವುದು ಬೇರೆ ಮಾತು, ಅದನ್ನು ಅವಳು ನಂಬಬೇಕು ಅಷ್ಟೇ. ಹದಿನೇಳರ ವಯಸ್ಸಿನಲ್ಲಿ ಅಪ್ಪನ ಸಜ್ಜನಿಕೆಯನ್ನೇ ಬೀಗವೆಂದು ನಂಬಿಕೊಂಡು ಡೈರಿ ಬರೆಯುವುದು ಕಷ್ಟ. ನಮ್ಮ ಪೀಳಿಗೆಯ ತಂದೆತಾಯಂದಿರ ಒಂದು ವಾದವಿದೆ: ಮಕ್ಕಳ ರಕ್ಷಣೆಗೆ ನೋಡಬೇಕಾಗುತ್ತದೆ, ಹೊರಗೆ ಕಾಲ ಹೇಗಿದೆ ನೋಡಿ. ವಾದದಲ್ಲಿ ಹುರುಳಿದೆ, ಹತ್ತು ವರ್ಷದ ಮಗುವಿನ ವಿಚಾರದಲ್ಲಿ ನಾನೂ ಅದನ್ನೇ ಹೇಳುತ್ತೇನೆ. ಆದರೆ ಕಾಯುವುದಕ್ಕಾಗಿ ನೋಡುವವನು ‘ನೋಡುತ್ತೇನೆ’ ಎಂದು ಹೇಳಿ ನೋಡಬೇಕು. ಕಾಣುತ್ತದೆ ಎನ್ನುವುದನ್ನೇ ಮುಚ್ಚಿಟ್ಟವನು ಮಗುವನ್ನು ಕಾಯುತ್ತಿಲ್ಲ, ತನ್ನ ಕುತೂಹಲವನ್ನು ಕಾಯುತ್ತಿದ್ದಾನೆ.

ಧೋಬಿ ತಲಾವಿನ ಜೇರ್ ಮಹಲ್ ಕಟ್ಟಡದಲ್ಲಿ ಗೋವೆಯವರ ಊರಕ್ಲಬ್ಬುಗಳಿವೆ, ಕುಡ್ ಎನ್ನುತ್ತಾರೆ. ಹಡಗಿಗೆ ಹೋಗುವ ಗಂಡಸರು ತಮ್ಮ ತಮ್ಮ ಊರಿನ ಕುಡ್‌ನಲ್ಲಿ ಚಿಲ್ಲರೆ ದುಡ್ಡಿಗೆ ಇಳಿದು, ಹಡಗು ಹತ್ತುವಾಗ ಟ್ರಂಕನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಗೋಡೆಯುದ್ದಕ್ಕೂ ಟ್ರಂಕಿನ ಮೇಲೆ ಟ್ರಂಕು. ನಮ್ಮ ಘಟ್ಟದ ಕೆಳಗಿನವರೂ ಹಾಗೆಯೇ ಬದುಕಿದವರು: ಹೋಟೆಲಿನ ಅಟ್ಟದ ಮೇಲೆ, ಚಾಳಿನ ಒಂದೇ ಖೋಲಿಯಲ್ಲಿ ಎಂಟು ಜನ, ಎಂಟು ಟ್ರಂಕು. ಚಾಪೆ, ಪಾತ್ರೆ, ಅಂಗಿಯೂ ಒಬ್ಬರದ್ದು ಇನ್ನೊಬ್ಬರಿಗೆ ಆಗುತ್ತಿತ್ತು, ಟ್ರಂಕಿನ ಕೀಲಿ ಮಾತ್ರ ಉಡಿದಾರಕ್ಕೆ. ಖಾಸಗಿತನ ಎನ್ನುವುದು ಇಂಗ್ಲಿಷ್ ಓದಿದವರ ಶೋಕಿ ಎಂದು ವಾದಿಸುವವರನ್ನು ಕಂಡಾಗ ನನಗೆ ಆ ಉಡಿದಾರ ನೆನಪಾಗುತ್ತದೆ.

ಮಗಳಿಗೆ ಬೀಗ ಹಾಕಿಕೊಟ್ಟೆ. ಇದರಲ್ಲೂ ಒಂದು ಸೂಕ್ಷ್ಮವಿದೆ. ಪೆಟ್ಟಿಗೆಯಲ್ಲೇ ಫೋಲ್ಡರಿಗೆ ಗೂಢಲಿಪಿ ಹಾಕಿದರೆ, ಅವಳು ತೆರೆದು ಕೆಲಸ ಮಾಡುವಷ್ಟು ಹೊತ್ತು ಅಡ್ಮಿನಿಗೂ ಅದು ತೆರೆದೇ ಇರುತ್ತದೆ. ಅವಳ ಲ್ಯಾಪ್‌ಟಾಪಿನಲ್ಲೇ ಬೀಗ ಬಿದ್ದು, ಬೀಗ ಬಿದ್ದದ್ದೇ ಪೆಟ್ಟಿಗೆಗೆ ಬರಬೇಕು. ಆಗ ಅದು ನಿಜವಾದ ಉಪನಿಧಿ: ನನ್ನಲ್ಲಿದೆ, ನನಗೆ ಗೊತ್ತಿಲ್ಲ. ಕೀಲಿ ಮರೆತರೆ ಯಾರಿಂದಲೂ ತೆಗೆಯಲಾಗದು ಎಂದು ಮೂರು ಸಲ ಹೇಳಿದೆ. “ಗೊತ್ತು” ಎಂದಳು.

ಎರಡನೆಯ ಪ್ರಶ್ನೆ ಊರಿನಿಂದ ಬಂತು, ಅದಕ್ಕೆ ಇಂಥ ಸುಲಭದ ಬೀಗವಿಲ್ಲ.

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಕುಮಟಾದ ಹತ್ತಿರದ ಊರಿನಲ್ಲಿ ಇದ್ದವನು. ಅವನ ಹಿಂದಿನ ಫೋನು ಬಾವಿಕಟ್ಟೆಯಿಂದ ನೀರಿಗೆ ಬಿದ್ದು ಮೊಮ್ಮಕ್ಕಳ ಫೋಟೊ ಎಲ್ಲ ಹೋದ ಮೇಲೆ, ಹೊಸದರಲ್ಲಿದ್ದದ್ದೆಲ್ಲ ಮುಂಬಯಿಗೆ ಬಂದು ಬೀಳಲಿ ಎಂದು ಅವನೇ ಹೇಳಿದ್ದ. ಬಂದು ಬಿದ್ದದ್ದರಲ್ಲಿ ಫೋಟೊಗಳ ಜೊತೆ ಸಾವಿರದ ನೂರಕ್ಕೂ ಹೆಚ್ಚು ಕರೆಗಳ ಧ್ವನಿಮುದ್ರಣವಿದೆ. ಆ ಫೋನು ಪ್ರತಿ ಕರೆಯನ್ನೂ ತಾನಾಗಿ ಮುದ್ರಿಸಿಕೊಳ್ಳುತ್ತಿತ್ತು. ಅಪ್ಪನಿಗೆ ಅದು ಗೊತ್ತಿತ್ತೇ? ಇಲ್ಲವೆಂದೇ ನನ್ನ ಊಹೆ. ಆ ಕಡೆಯಿಂದ ಮಾತಾಡಿದವರಿಗಂತೂ ಗೊತ್ತಿರಲಿಕ್ಕಿಲ್ಲ.

ಹೊಸ ಪೆಟ್ಟಿಗೆಗೆ ಸಾಗಿಸುತ್ತಿದ್ದೇನೆ ಎಂದಾಗ ಅಣ್ಣ ಫೋನಿನಲ್ಲಿ ತಡೆದು ತಡೆದು ಹೇಳಿದ: “ಮಾರಾಯ, ಅದ್ರಲ್ಲಿ ಚಿಕ್ಕಪ್ಪನ ಸಂಗ್ತಿ ಮಾತಾಡಿದ್ದು ಇರ್ತದೆ. ಮೇಲಿನ ತೋಟದ ವಿಷ್ಯ. ಒಂದ್ ಸಲ ಕೇಳಿ ನೋಡು.” ಮೇಲಿನ ತೋಟ ಯಾರ ಪಾಲಿಗೆ ಎಂದು ಅಪ್ಪ ಬಾಯಿಮಾತಿನಲ್ಲಿ ಏನೋ ಹೇಳಿದ್ದನೆಂದು ಚಿಕ್ಕಪ್ಪನ ಕಡೆಯವರು ಹೇಳುತ್ತಾರೆ, ಏನೂ ಹೇಳಿಲ್ಲವೆಂದು ಅಣ್ಣ. ಅಕ್ಕ ಶಿವಮೊಗ್ಗದಿಂದ ಬೇರೆಯೇ ರಾಗ ಎಳೆದಳು: ಅದನ್ನೆಲ್ಲ ಅಳಿಸಿಬಿಡು, ಸತ್ತವನ ಮಾತು ಕದ್ದು ಕೇಳುವುದು ಬೇಡ.

ಇಬ್ಬರೂ ನನ್ನಿಂದ ಕೇಳಿದ್ದು ಒಂದೇ: ಇಟ್ಟುಕೊಂಡವನು ಒಡೆಯನ ಹಾಗೆ ನಡೆದುಕೊಳ್ಳಲಿ. ತೆರೆಯುವುದು ಒಡೆಯನ ಕೆಲಸ, ನಾಶಮಾಡುವುದೂ ಒಡೆಯನದೇ. ಅಣ್ಣನ ವಾದ ಬಲವಾದದ್ದು. ಸುಳ್ಳು ಗೆಲ್ಲಬಾರದು, ಸತ್ಯ ಮನೆಯಲ್ಲೇ ಇರುವಾಗ ಕಿವಿ ಮುಚ್ಚಿಕೊಳ್ಳುವುದು ಯಾವ ಧರ್ಮ? ಅದಕ್ಕೊಂದು ದೊಡ್ಡ ಉದಾಹರಣೆಯೂ ಇದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ ಗ್ರಂಥಗಳ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ನೂರಾರು ವರ್ಷ ಉಳಿದವು. ಬೇರೆಲ್ಲೂ ಹಳೆಯ ಪ್ರತಿ ಇರಲಿಲ್ಲ. ಕಾಯ್ದವರು ಪೂಜಿಸಿದರು, ಯಾತ್ರಿಕರಿಗೆ ದರ್ಶನ ಮಾಡಿಸಿದರು; ಪ್ರತಿ ಹೊರಗೆ ಹೋಗುವುದಕ್ಕೆ ಒಪ್ಪಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಶುರುವಾಗಿ ದಶಕಗಟ್ಟಲೆ ನಡೆಯಿತು, ಅದರ ನಡುವೆ ಒಂದು ಪ್ರತಿ ಗುಟ್ಟಾಗಿ ಉತ್ತರಕ್ಕೆ ಹೋಯಿತು. ಹೀರಾಲಾಲ್ ಜೈನರು ಮೊದಲ ಸಂಪುಟವನ್ನು ಅಚ್ಚು ಹಾಕಿಸಿದ್ದು 1939ರಲ್ಲಿ. ಕಾಯುವವರ ಮಾತನ್ನು ಎಲ್ಲರೂ ಪಾಲಿಸಿದ್ದರೆ ಒಂಬತ್ತನೆಯ ಶತಮಾನದ ವೀರಸೇನರ ಕೃತಿ ಇನ್ನೆಷ್ಟು ಕಾಲ ಓದುಗರಿಲ್ಲದೆ ಇರುತ್ತಿತ್ತೋ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ ಅತ್ತಿಮಬ್ಬೆಯ ನಾಡು ಇದು. ಮುಚ್ಚಿಡುವುದೇ ಜೋಪಾನ ಎಂದು ಇಲ್ಲಿ ಹೇಳಲು ಬಾಯಿ ಬರುವುದಿಲ್ಲ.

ಆದರೆ ವೀರಸೇನರು ಬರೆದದ್ದು ಓದಲೆಂದು. ಅಪ್ಪ ಚಿಕ್ಕಪ್ಪನ ಹತ್ತಿರ ಆಡಿದ್ದು ಚಿಕ್ಕಪ್ಪ ಕೇಳಲೆಂದು, ಅಷ್ಟೇ. ಗರಿಯ ಮೇಲೆ ಕೊರೆದವನು ಮುಂದೆ ಬರುವ ಓದುಗನಿಗೆ ಆಗಲೇ ಒಪ್ಪಿಗೆ ಕೊಟ್ಟಿದ್ದಾನೆ. ಫೋನಿನಲ್ಲಿ ಆಡುವವನು ಎದುರಿಗಿನ ಒಬ್ಬನನ್ನು ನೋಡಿ ಮಾತು ಆರಿಸಿಕೊಳ್ಳುತ್ತಾನೆ; ತಮ್ಮನ ಹತ್ತಿರ ಮಗನನ್ನು ಬಯ್ಯುತ್ತಾನೆ, ಮಗನ ಹತ್ತಿರ ತಮ್ಮನನ್ನು. ಅವೆರಡನ್ನೂ ಪಕ್ಕಪಕ್ಕ ಇಟ್ಟು ಕೇಳಿಸಿಕೊಂಡವನಿಗೆ ಸಿಗುವುದು ಅಪ್ಪನ ಮನಸ್ಸು ಎಂದು ಖಚಿತವಾಗಿ ಹೇಳಲಾರೆ. ಹಾಗೆಂದು ಅಕ್ಕನ ಮಾತಿಗೂ ನಾನು ಒಪ್ಪಲಿಲ್ಲ. ಅಳಿಸಿದ್ದನ್ನು ನಾಳೆ ಯಾರೂ ಮರಳಿ ತರಲಾರರು. ನ್ಯಾಯವಾಗಿ ಕೇಳಲೇಬೇಕಾದ ದಿನ ಬಂದರೆ ಆಗ ‘ನಾನು ಸುಟ್ಟುಬಿಟ್ಟೆ’ ಎನ್ನಲು ಇಟ್ಟುಕೊಂಡವನಿಗೆ ಅಧಿಕಾರ ಎಲ್ಲಿಂದ ಬಂತು?

ಒಂದು ತೊಡಕು ಒಪ್ಪಿಕೊಳ್ಳಬೇಕು. ಫೈಲುಗಳ ಹೆಸರಿನಲ್ಲೇ ನಂಬರು, ತಾರೀಕು, ಗಂಟೆ ಇರುತ್ತದೆ. ತೆರೆಯದೆಯೂ ಯಾರು ಯಾವಾಗ ಎಷ್ಟು ಸಲ ಎನ್ನುವುದು ಕಣ್ಣಿಗೆ ಬೀಳುತ್ತದೆ. ಟ್ರಂಕನ್ನು ಎತ್ತಿದವನಿಗೆ ಭಾರ ಗೊತ್ತಾದ ಹಾಗೆ, ಅದನ್ನು ತಪ್ಪಿಸಲಾಗದು. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಇದ್ದದ್ದು ನನ್ನದೇ ನಂಬರು, ಭಾನುವಾರದ ರಾತ್ರಿಗಳು. ಅವನ್ನು ಕೇಳಬಹುದೇ? ಕೇಳಬಹುದು ಎಂದೇ ತೀರ್ಮಾನಿಸಿದೆ. ಒಮ್ಮೆ ನನ್ನ ಕಿವಿಗೆ ಬಿದ್ದದ್ದೇ ಅಲ್ಲಿರುವುದು. ನಾನು ಫೋನಿಟ್ಟ ಮೇಲೆ ಮುದ್ರಣವೂ ನಿಂತಿರುತ್ತದೆ. ಮಳೆ ಬಂತಾ, ಗಾಡಿ ಸಿಕ್ತಾ, ಊಟ ಆಯ್ತಾ. ಮೂರು ಕೇಳಿದೆ, ಸಾಕಾಯಿತು.

ಹಂಚುವ ದಾರಿಯೂ ಅಲ್ಲೇ ಸಿಕ್ಕಿತು. ಅಪ್ಪ ಯಾರ ಜೊತೆ ಆಡಿದ್ದೋ ಆ ಮಾತು ಅವರಿಗೆ: ಅಣ್ಣನ ಜೊತೆಗಿನ ಕರೆಗಳು ಅಣ್ಣನಿಗೆ, ಅಕ್ಕನವು ಅಕ್ಕನಿಗೆ. ಉಳಿದ ಆರುನೂರು ಚಿಲ್ಲರೆಯನ್ನು, ಚಿಕ್ಕಪ್ಪನದ್ದೂ ಸೇರಿ, ಒಂದು ಗಂಟು ಕಟ್ಟಿ ಗೂಢಲಿಪಿ ಹಾಕಿದೆ. ಸಾಗಿಸುವಾಗ ಒಂದು ಅಕ್ಷರವೂ ಕೆಟ್ಟಿಲ್ಲ ಎಂದು ತಿಳಿಯಲು ಕೇಳಬೇಕಾದ್ದಿಲ್ಲ. ಎಸ್ಎಚ್ಎ-256 ಎಂಬ ಲೆಕ್ಕವಿದೆ. ಎಷ್ಟೇ ದೊಡ್ಡ ಫೈಲನ್ನು ಕೊಟ್ಟರೂ 64 ಚಿಹ್ನೆಗಳ ಒಂದು ಸಾಲು ಕೊಡುತ್ತದೆ. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಬೇರೆಯಾಗುತ್ತದೆ. ಇಲ್ಲಿಯ ಸಾಲು, ಅಲ್ಲಿಯ ಸಾಲು ಒಂದೇ ಆದರೆ ವಸ್ತು ಇದ್ದ ಹಾಗೆಯೇ ಇದೆ. ಒಳಗೆ ಏನಿದೆ ಎಂದು ತಿಳಿಯದೆ, ಏನೂ ಬದಲಾಗಿಲ್ಲ ಎಂದು ಪ್ರಮಾಣ ಮಾಡುವ ಈ ಸೌಕರ್ಯ ವಿಜ್ಞಾನೇಶ್ವರನಿಗೆ ಇದ್ದಿದ್ದರೆ ಉಪನಿಧಿಯ ಜಗಳಗಳು ಅರ್ಧ ಕಡಿಮೆಯಾಗುತ್ತಿದ್ದವು.

ಚಿಕ್ಕಪ್ಪನಿಗೂ ವಿಷಯ ತಿಳಿಸಿದೆ, ಅವನ ದನಿಯೂ ಅದರಲ್ಲಿ ಇರುವುದರಿಂದ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಕೇಳೂದಿದ್ರೆ ನನ್ನನ್ನೇ ಕೇಳ್ಳಿ. ನಾನಿನ್ನೂ ಇದ್ದೆ ಅಲ್ವಾ?” ಎಂದ. ಅಣ್ಣ ಕೇಳಿದ್ದಾನೋ ಇಲ್ಲವೋ ನನಗೆ ಹೇಳಿಲ್ಲ. ನನ್ನ ಜೊತೆ ಮಾತು ಸ್ವಲ್ಪ ಕಡಿಮೆಯಾಗಿದೆ, ಚೌತಿಗೆ ಬಾ ಎಂದು ಮಾತ್ರ ಕರೆದಿದ್ದಾನೆ.

ಹಳೆಯ ಎರಡು ಡಿಸ್ಕುಗಳಲ್ಲಿ ಒಂದಕ್ಕೆ ಡ್ರಿಲ್ ಹೊಡೆಸಿದೆ. ಅಳಿಸಿ ಮಾರಿದರೆ ಸಾವಿರ ರೂಪಾಯಿ ಬರುತ್ತಿತ್ತು, ಆದರೆ ಸರಿಯಾಗಿ ಮೇಲೆ ಬರೆಯದೆ ಬರೀ ಡಿಲೀಟ್ ಮಾಡಿದ್ದು ಮರಳಿ ಸಿಗುತ್ತದೆ ಎಂದು ಲ್ಯಾಮಿಂಗ್ಟನ್ ರೋಡಿನ ಹುಡುಗರಿಗೆ ನನಗಿಂತ ಚೆನ್ನಾಗಿ ಗೊತ್ತು. ಅಷ್ಟೆಲ್ಲ ಕೂತು ಬರೆಯುವಷ್ಟು ಅದಕ್ಕೆ ಜೀವವೂ ಉಳಿದಿರಲಿಲ್ಲ. ಇನ್ನೊಂದು ಪೂರ್ತಿ ಗಟ್ಟಿಯಿದೆ. ಅದನ್ನು ತೊಳೆದು, ಮನೆಯ ಫೋಟೊಗಳ ಒಂದು ಪ್ರತಿ ಮತ್ತು ಆ ಗಂಟು ಅದರಲ್ಲಿ ಹಾಕಿ, ಊರಿನ ಮಳೆ ಮುಂಬಯಿಯ ಮಳೆ ಒಂದೇ ದಿನ ಮುಳುಗಿಸಲಾರದು ಎಂಬ ಧೈರ್ಯದಿಂದ ಆ ಕಡೆ ಕಳಿಸಬೇಕು. ಡಿಸ್ಕು ಅಕ್ಕನ ಹತ್ತಿರ ಇರಲಿ, ಗಂಟಿನ ಕೀಲಿ ಅಣ್ಣನ ಹತ್ತಿರ ಇರಲಿ, ಇಬ್ಬರೂ ಒಪ್ಪಿದ ದಿನ ತೆರೆಯಲಿ ಎಂದು ಇಬ್ಬರಿಗೂ ಹೇಳಿದ್ದೇನೆ. ನನ್ನ ಹತ್ತಿರ ಡೊಂಬಿವಲಿಯಲ್ಲಿ ಗಂಟಿನ ಪ್ರತಿ ಇರುತ್ತದೆ, ಕೀಲಿ ಇರುವುದಿಲ್ಲ. ಅಕ್ಕ ಡಿಸ್ಕಿಗೆ ಜಾಗ ಎಲ್ಲಿ ಎಂದು ಕೇಳಿದಳು. ತೇವ ಇಲ್ಲದ ಕಡೆ, ಕಪಾಟಿನ ಮೇಲಿನ ಖಾನೆ ಎಂದೆ. ಅಲ್ಲಿ ಅಮ್ಮನ ರೇಷ್ಮೆ ಸೀರೆಗಳಿವೆಯಂತೆ, ನುಸಿಗುಳಿಗೆ ಹಾಕಿದರೆ ಡಿಸ್ಕಿಗೆ ಏನಾದರೂ ಆಗುತ್ತದೋ ಎಂದು ಕೇಳಿ ಹೇಳಬೇಕಂತೆ. ಚೌತಿಗೆ ಹೋಗುವಾಗ ಮತ್ಸ್ಯಗಂಧದಲ್ಲಿ ನಾನೇ ಒಯ್ಯುತ್ತೇನೆ.